ಬೆನ್ನ ಹಿಂದಿನ ಆಟ

"ಇಂಜಿನ್ ಬಂದ್ ಮಾಡಬ್ಯಾಡ ಕಾಕಾ! ಅದು ನಿಂತ್ರ ಆಟಾನೂ ನಿಂತಂಗ!" ಶಾಹಬಾಜ ಜೀಪಿನ ಹಿಂಬದಿಯಿಂದ ಕೂಗಿದ.

ಮಲ್ಲಿನಾಥನ ಬಲಗಾಲು ಆಕ್ಸಿಲರೇಟರಿನ ಮೇಲೆ ಮೊಳೆ ಹೊಡೆದಂತೆ ಕೂತಿತ್ತು. ನಿನ್ನೆಯ ಗಾಳಿಗೆ ತಂತಿ ಹರಿದು ಉಟಗಿಯಲ್ಲಿ ಕರೆಂಟಿಲ್ಲ. ಅತ್ತ ಪುಣೆಯಲ್ಲಿ ಅವನ ಮಗಳು ಸೃಷ್ಟಿ ರಾಜ್ಯಮಟ್ಟದ ಕಬಡ್ಡಿ ಫೈನಲ್ ಆಡುತ್ತಿದ್ದಾಳೆ. ಉಟಗಿಯಿಂದ ಜತ್ತಕ್ಕೆ ದಿನಾ ಸೀಟಿಗಿಷ್ಟೆಂದು ಜನ ತುಂಬಿಕೊಂಡು ವಡಾಪ್ ಜೀಪು ಹೊಡೆಯುವವನಿಗೆ ಬಿಡುವು ಎಲ್ಲಿಯದು? ಮಗಳ ಆಟವನ್ನು ಅವನು ಇದುವರೆಗೆ ಒಮ್ಮೆಯೂ ಕಂಡಿರಲಿಲ್ಲ. ಇವತ್ತು ಏನಾದರಾಗಲಿ ನೋಡಲೇಬೇಕೆಂದು, ಮದುವೆಗಳ ಫೋಟೊ ತೆಗೆಯುವ ಶಾಹಬಾಜನನ್ನು ಬೆಳಿಗ್ಗೆಯೇ ಹಿಡಿದಿದ್ದ.

ಮಲ್ಲಿನಾಥನ ಮೊಬೈಲಿನ ಪರದೆ ಒಡೆದು ಗೆರೆಗೆರೆಯಾಗಿತ್ತು, ಅದರಲ್ಲಿ ಆಟ ಕಾಣುವಂತಿರಲಿಲ್ಲ. ಶಾಹಬಾಜನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಆದರೆ ಜೀಪಿನಲ್ಲಿ ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಸಿಕ್ಕಿಸಿದರೆ ಮನೆಯಲ್ಲಿದ್ದಂತೆ ಕರೆಂಟು ಕೊಡುವ ಪುಟ್ಟ ಇನ್ವರ್ಟರ್ ಅವನ ಹತ್ತಿರ ಇತ್ತು. ಹೊರಗಿನ ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ಲ್ಯಾಪ್‌ಟಾಪನ್ನು ಜೀಪಿನೊಳಗೇ, ಡ್ರೈವರ್ ಸೀಟಿನ ಬೆನ್ನಿಗೆ ಆನಿಸಿ, ಹಿಂದಕ್ಕೆ ಮುಖ ಮಾಡಿ ಇಟ್ಟರು. ಹಿಂದಿನ ಬೆಂಚಿನಲ್ಲಿ ಮಲ್ಲಿನಾಥ ಕೂರುವುದೆಂದು ಮಾತಾಗಿತ್ತು. ಆದರೆ ಕಾಲು ತೆಗೆದರೆ ಸಾಕು, ಜೀಪು ಸೊರಗಿ, ಇನ್ವರ್ಟರ್ ಕುಂಯ್ಯೆಂದು ಅಳುತ್ತಿತ್ತು. ಹೀಗಾಗಿ ಆಟ ಅವನ ಬೆನ್ನಿಗೆ ಒಂದು ಗೇಣು ಹಿಂದೆ, ಅವನು ಸ್ಟೇರಿಂಗಿನ ಮುಂದೆ.

ವಡಾಪ್ ಜೀಪಿನ ಇಂಜಿನ್ ಒದರಿತೆಂದರೆ ಗಾಡಿ ಹೊರಟಿತೆಂದೇ ಊರಿನ ಲೆಕ್ಕ. ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದವರೆಲ್ಲ ಚೀಲ ಹಿಡಿದು ಓಡಿಬಂದು ಹತ್ತಿದರು. ಮೊದಲು ಹತ್ತಿದವಳು ಮುದುಕಿ ಅಕ್ಕವ್ವ.

"ಲಗೂನ ಬಿಡೋ ಮಲ್ಲು. ಮೊಮ್ಮಗಳ ತೊಟ್ಟಲಕ್ಕ ಹೋಗಬೇಕು."

"ಗಾಡಿ ಹೋಗೂದಿಲ್ಲ ಆಯಿ. ಇಲ್ಲೇ ನಿಂದರತೈತಿ."

"ನಿಂದರೂ ಗಾಡಿ ಇಷ್ಟ್ಯಾಕ ಒದರಸ್ತಿ? ಡಿಜೇಲ್ ಏನ್ ನಿಮ್ಮ ಬಾಂವ್ಯಾಗ ಬರತೈತೇನು?"

"ಸೃಷ್ಟಿ ಆಡಾಕತ್ತಾಳ ಆಯಿ. ಟಿವಿಯಾಗ ಬಂದಂಗ ಇದರಾಗ ಬರಾಕತ್ತೈತಿ."

"ನಮ್ಮ ಸೃಷ್ಟಿ? ಏ, ಸರೀರಿ ಅತ್ಲಾಗ!" ಅಕ್ಕವ್ವ ಗಂಟನ್ನು ಮಡಿಲಿಗಿಟ್ಟುಕೊಂಡು ಪರದೆಯ ಎದುರಿಗೇ ಕೂತುಬಿಟ್ಟಳು. ತೊಟ್ಟಿಲ ಶಾಸ್ತ್ರದ ಮಾತು ಮತ್ತೆ ಎತ್ತಲಿಲ್ಲ.

ಜೀಪಿನಲ್ಲಿ ಕರೆಂಟು ಸಿಗುತ್ತದೆಂಬ ಸುದ್ದಿ ಹಬ್ಬಿತು. ನಂದೊಂದು ಹಚ್ಚು, ನಂದೊಂದು ಹಚ್ಚು ಎಂದು ಕೈಗಳು ಕಿಟಕಿಯೊಳಗೆ ಬಂದವು. ಇನ್ವರ್ಟರಿಗೆ ಸಿಕ್ಕಿಸಿದ್ದ ಪ್ಲಗ್ ಬೋರ್ಡಿಗೆ ಆರು ಮೊಬೈಲು ಜೋತಾಡುತ್ತಿದ್ದಂತೆ ಇನ್ವರ್ಟರ್ ಚೀರಿಕೊಂಡಿತು.

"ಇದೇನ್ ಮದವಿ ಪಂಗತಿ ಅಂತ ತಿಳದೀರಿ?" ಶಾಹಬಾಜ, ಲ್ಯಾಪ್‌ಟಾಪಿಗೆ ನೆಟ್ ಕೊಡುತ್ತಿದ್ದ ಮಲ್ಲಿನಾಥನ ಮೊಬೈಲೊಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತ. "ಕಾಕಾ, ನೀ ಹಿಂದ ಬಾ. ನಾ ಒತ್ತತೀನಿ. ನಿನ್ನ ಮಗಳನ್ನ ನೀನ ನೋಡಬೇಕಲ್ಲ."

ಮಲ್ಲಿನಾಥನಿಗೆ ಮನಸ್ಸು ತಡೆಯಲಿಲ್ಲ. ಶಾಹಬಾಜನನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಇಳಿದು ಹಿಂದಕ್ಕೆ ಓಡಿದ. ಒಂದು ಕಾಲು ಒಳಗಿಟ್ಟಿದ್ದನಷ್ಟೆ, ಜೀಪು ಎರಡು ಸಲ ಕೆಮ್ಮಿ ಸತ್ತಿತು. ಪರದೆ ಕಪ್ಪಾಯಿತು. ಆ ಮುದಿ ಇಂಜಿನ್ನಿನ ಮರ್ಜಿ ಮಲ್ಲಿನಾಥನ ಕಾಲಿಗೆ ಮಾತ್ರ ಗೊತ್ತು. ಇದು ಗೊತ್ತಿದ್ದೂ ಎದ್ದೆನಲ್ಲ ಎಂದು ಹಣೆ ಬಡಿದುಕೊಳ್ಳುತ್ತ ಅವನು ಮತ್ತೆ ಮುಂದಕ್ಕೆ ಓಡಿದ. ಲ್ಯಾಪ್‌ಟಾಪ್ ಜೀವ ಹಿಡಿಯಲು ಮೂರು ನಿಮಿಷ. ಅಷ್ಟರಲ್ಲಿ ಹುಡುಗಿ ಔಟಾದಳೋ, ಬಿದ್ದು ಮೊಣಕಾಲು ಒಡೆದುಕೊಂಡಳೋ ಎಂದು ಅವನ ಎದೆ ಇಂಜಿನ್ನಿಗಿಂತ ಜೋರಾಗಿ ಹೊಡೆದುಕೊಂಡಿತು.

"ನೀ ಇನ್ನ ಏಳಬ್ಯಾಡ," ಅಕ್ಕವ್ವ ಗದರಿದಳು. "ಎದ್ದಿ ಅಂದ್ರ ಕಾಲ ಮುರೀತೀನಿ."

ಪರದೆ ಬೆಳಗಿತು. ಎರಡೂ ಕಡೆ ಮೂವತ್ತೊಂದು ಪಾಯಿಂಟು. ಕೊನೆಯ ದಾಳಿ. "ಸೃಷ್ಟಿ ಹೊಂಟ್ಲು!" ಎಂದು ಮತ್ತೆ ಹಿಂದಕ್ಕೆ ಬಂದಿದ್ದ ಶಾಹಬಾಜ ಕಿರುಚಿದ. ಅಲ್ಲಿಂದಾಚೆ ಇಂಜಿನ್ನಿನ ಸದ್ದಿನಲ್ಲಿ ಮಲ್ಲಿನಾಥನಿಗೆ ಯಾರ ಮಾತೂ ಕೇಳಲಿಲ್ಲ.

ಅವನು ತಲೆಯ ಮೇಲಿನ ಕನ್ನಡಿ ನೋಡಿದ. ಅದರ ತುಂಬ ಅಕ್ಕವ್ವನ ಮುಖ. ಕಬಡ್ಡಿಯನ್ನು ಹುತುತು ಎನ್ನುತ್ತಿದ್ದ ಕಾಲದಲ್ಲಿ ಅವಳೂ ಸೀರೆ ಕಚ್ಚೆ ಕಟ್ಟಿ ಆಡಿದವಳೇ. ಈಗ ಪರದೆಯೊಳಗಿನ ಹುಡುಗಿಯ ಜೊತೆ ಅವಳೂ ಉಸಿರು ಹಿಡಿದಿದ್ದಳು. ತುಟಿಗಳು ಹುತುತುತುತು ಎಂದು ಒಂದೇ ಸಮನೆ ಓಡುತ್ತಿದ್ದವು. ತುಟಿ ಆಡುತ್ತಿರುವ ತನಕ ಮಗಳು ಸಿಕ್ಕಿಲ್ಲ. ಮಲ್ಲಿನಾಥ ಕಣ್ಣು ಮಿಟುಕಿಸದೆ ನೋಡಿದ. ಅಕ್ಕವ್ವನ ಮೈ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಥಟ್ಟನೆ ಯಾರೋ ಕಾಲು ಹಿಡಿದೆಳೆದಂತೆ ಮುಂದಕ್ಕೆ ಜಗ್ಗಿತು. ಕಣ್ಣು ಹೊರಗೆ ಬಂದವು, ಕುತ್ತಿಗೆಯ ನರ ಉಬ್ಬಿತು. ತುಟಿ ಮಾತ್ರ ನಿಲ್ಲಲಿಲ್ಲ. ಅವಳ ಒಂದು ಕೈ ಮುಂದೆ ಚಾಚಿತು, ಇನ್ನೂ ಚಾಚಿತು, ಸೀಟು ದಾಟಿ ಬಂದು ಅವನ ಹೆಗಲಿಗೆ ಬಡಿಯಿತು.

"ಗೆರಿ ಮುಟ್ಟಿದ್ಲೋ ನಮ್ಮವ್ವ!" ಅಕ್ಕವ್ವ ಅವನ ಕಿವಿಯಲ್ಲೇ ಕೂಗಿದಳು.

ಜೀಪು ತೊಟ್ಟಿಲಂತೆ ತೂಗಾಡಿತು. ಸಿಳ್ಳೆ, ಕೇಕೆ. ಮಲ್ಲಿನಾಥನ ಕಾಲು ತಾನಾಗಿ ಜಾರಿತು. ಇಂಜಿನ್ ನಿಂತಿತು. ಅವನು ಹಿಂದಕ್ಕೆ ಧಾವಿಸಿ ನೋಡಿದರೆ ಪರದೆಯಲ್ಲಿ ಕತ್ತಲೆ, ಕತ್ತಲೆಯಲ್ಲಿ ಬೆವೆತ ಅವನದೇ ಮುಖ.

ಬೋರ್ಡಿಗೆ ಹಚ್ಚಿದ್ದ ಅವನ ಮೊಬೈಲು ರಿಂಗಾಯಿತು.

"ಅಪ್ಪಾ, ಗೆದ್ವಿ! ನೋಡಿದಿ? ಕಡೀ ರೇಡ್ ನೋಡಿದಿಲ್ಲೋ?" ಸೃಷ್ಟಿ ಇನ್ನೂ ಏದುಸಿರು ಬಿಡುತ್ತಿದ್ದಳು.

ಮಲ್ಲಿನಾಥ ಅಕ್ಕವ್ವನತ್ತ ತಿರುಗಿದ. ಅವಳು ಎದೆ ನೀವಿಕೊಳ್ಳುತ್ತ ಈಗಷ್ಟೇ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಕಣ್ಣಾರೆ ನೋಡಿದ್ನಿ ಮಗಳ," ಎಂದ. "ಎಲ್ಲೂ ಉಸರ ಕಡೀಲಿಲ್ಲ ನೋಡು ನೀನು."