ಬೆಂಕಿ ನೋಡಿದವಳು

“ತಲೆ ಎತ್ತು. ಕಣ್ಣು ತೋರ್ಸು.”

ಬ್ರೆಡ್ಡಿಗೆ ಅಂಜೂರದ ಜಾಮ್ ಸವರುತ್ತಿದ್ದ ಮಿರ್ನಾ ಅಮ್ಮನತ್ತ ನೋಡಿದಳು. ಕಣ್ಣುಗಳು ತಿಳಿಯಾಗಿದ್ದವು. ಒಂದು ಎಳೆ ಕೆಂಪಿಲ್ಲ. ಒರ್ನೆಲಾಗೆ ಹೋದ ಜೀವ ಬಂದಂತಾಯಿತು. ಮರುಕ್ಷಣ, ಹೆತ್ತ ಮಗಳನ್ನೇ ಶಂಕಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

“ಏನಮ್ಮಾ ಇದು, ಬೆಳಬೆಳಗ್ಗೆ?”

“ಏನಿಲ್ಲ. ತಿನ್ನು.”

ನಿನ್ನೆಯಿಂದ ಒರ್ನೆಲಾ ತಲೆ ಎತ್ತಿ ನಡೆದಿರಲಿಲ್ಲ. ಹೈಸ್ಕೂಲು ಮುಗಿಸುವ ಮಕ್ಕಳಿಗೆ ಕೆಲಸದ ದಾರಿ ತೋರಿಸುವ ಟೀಚರ್ ಅವಳು. ಫ್ರಾನೆ ಮೇಸ್ತ್ರಿಯನ್ನು ಕಾಡಿ ಬೇಡಿ ಒಪ್ಪಿಸಿ, ಬಂದರಿನ ಪಕ್ಕದ ಅವರ ವೆಲ್ಡಿಂಗ್ ಶೆಡ್ಡಿಗೆ ಮಿರ್ನಾಳೂ ಸೇರಿ ಹದಿನೆಂಟು ಮಕ್ಕಳನ್ನು ನಿನ್ನೆ ಕರೆದೊಯ್ದಿದ್ದಳು. ಅವರಲ್ಲೊಬ್ಬರನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವೆನೆಂದು ಮೇಸ್ತ್ರಿ ಮಾತು ಕೊಟ್ಟಿದ್ದರು. ಅದಕ್ಕೆಂದು ಒರ್ನೆಲಾ ಬರೆದ ಪಟ್ಟಿಯಲ್ಲಿ ಮೊದಲ ಹೆಸರು ಯಾಗೋದಾಳದು. ಅವಳ ತಾಯಿ ದುಡಿಯುವುದು ಮೀನಿನ ಕಾರ್ಖಾನೆಯಲ್ಲಿ. ಹುಡುಗಿ ಓದಿನಲ್ಲಿ ಹಿಂದೆ, ಕೈ ಮಾತ್ರ ನಡುಗದು. ಅವಳಿಗೆ ಇದ್ದದ್ದು ಅದೊಂದೇ ದಾರಿ.

ಮೇಸ್ತ್ರಿ ವಾಚು ಬಿಚ್ಚಿ ಕೋಟಿನ ಜೇಬಿಗೆ ಹಾಕಿದರು. ಕೋಟನ್ನು ಮಕ್ಕಳ ಹಿಂದಿನ ಗೋಡೆಗೆ ತೂಗುಹಾಕಿ ಎಲ್ಲರಿಗೂ ಕಪ್ಪು ಗಾಜಿನ ಮುಖವಾಡ ಹಂಚಿದರು. ಕೂದಲು ಕೆಡುತ್ತದೆಂದು ಮಿರ್ನಾ ಬೇಡವೆಂದಳು.

“ಹಾಗಾದ್ರೆ ಗೋಡೆ ಕಡೆ ತಿರುಗಿ ನಿಂತ್ಕೋ, ಮಹಾರಾಣಿ!” ಎಂದರು ಮೇಸ್ತ್ರಿ.

ಎಲ್ಲರೂ ನಕ್ಕರು. ನಾಚಿಕೆ ಮುಚ್ಚಲು ಒರ್ನೆಲಾ ತನ್ನ ಮುಖವಾಡ ಇಳಿಸಿಕೊಂಡಳು.

ನಾಲ್ಕು ವೆಲ್ಡಿಂಗ್ ಕಡ್ಡಿ ಉರಿದು ಮುಗಿಯುವಷ್ಟರಲ್ಲಿ ವಾಚು ಮಾಯವಾಗಿತ್ತು. ತೀರಿಕೊಂಡ ಹೆಂಡತಿ ಕೊಟ್ಟ ವಾಚು. “ಹೋಗ್ಲಿ ಬಿಡಿ ಟೀಚರ್,” ಎಂದಷ್ಟೇ ಹೇಳಿದರು ಮೇಸ್ತ್ರಿ. ಬೈದಿದ್ದರೇ ವಾಸಿಯಿತ್ತು.

ಆದರೆ ಒರ್ನೆಲಾ ವೆಲ್ಡರನ ಮಗಳು. ಆ ಕಪ್ಪು ಗಾಜಿನೊಳಗಿಂದ ಬೆಂಕಿ ಬಿಟ್ಟು ಬೇರೇನೂ ಕಾಣದು. ಕದ್ದವರು ಮುಖವಾಡ ಎತ್ತಿರಲೇಬೇಕು. ಬರಿಗಣ್ಣಿಗೆ ಆ ಬೆಳಕು ಬಿದ್ದರೆ ಮರುದಿನ ಕಣ್ಣು ಕೆಂಡ. ಅಪ್ಪ ಹಸಿ ಆಲೂಗಡ್ಡೆ ಬಿಲ್ಲೆ ಕಣ್ಣಿಗಿಟ್ಟುಕೊಂಡು ನರಳುತ್ತಿದ್ದುದನ್ನು ಅವಳು ಎಷ್ಟು ಸಲ ಕಂಡಿಲ್ಲ!

ಆ ಬೆಳಗ್ಗೆ ತರಗತಿಯಲ್ಲಿ ಕೆಂಗಣ್ಣು ಒಬ್ಬಳದೇ. ಯಾಗೋದಾಳದು.

“ಮುಖವಾಡ ಎತ್ತಿದ್ಯಾ?”

“ಎತ್ತಿದ್ದೆ ಟೀಚರ್. ಒಂದು ಕಡ್ಡಿ ಮುಗಿಯೋವರೆಗೂ.”

“ಯಾಕೆ?”

“ಬೆಂಕಿ ನೋಡೋಣ ಅಂತ.”

“ಕತೆ ಕಟ್ಬೇಡ. ವಾಚೆಲ್ಲಿ?”

ಹಿಂದಿನ ಬೆಂಚಿನಿಂದ ಯಾರೋ “ಮೀನ್ಕಳ್ಳಿ!” ಎಂದರು. ತರಗತಿ ಗೊಳ್ಳೆಂದಿತು. ಮಿರ್ನಾಳೂ ನಕ್ಕಳು. ಯಾಗೋದಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಉರಿಗೋ ಅವಮಾನಕ್ಕೋ ಎಂದು ಒರ್ನೆಲಾ ಯೋಚಿಸಲಿಲ್ಲ. ಎಲ್ಲರೆದುರೇ ಪಟ್ಟಿ ತೆಗೆದು ಆ ಹೆಸರು ಹೊಡೆದುಹಾಕಿದಳು. ಹುಡುಗಿಯ ತೋಳು ಹಿಡಿದು ಶೆಡ್ಡಿಗೆ ಕರೆದೊಯ್ದಳು.

“ಇವಳೇ, ಮೇಸ್ತ್ರಿ. ಕಣ್ಣೇ ಹೇಳ್ತಿದೆ, ನೋಡಿ. ನನಗೆ ನಾಚಿಕೆಯಿಂದ ಸಾಯೋ ಹಾಗಾಗಿದೆ.”

ಮೇಸ್ತ್ರಿ ಹುಡುಗಿಯ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಬರಿಗಣ್ಣಲ್ಲಿ ನೋಡ್ತಾರೇನೇ ಹುಚ್ಚಿ? ಏನು ಕಾಣ್ತು?”

“ಕಬ್ಬಿಣ ನೀರಾಗೋದು ಕಾಣ್ತು.” ಅವಳು ಮೂಗೊರೆಸಿಕೊಂಡಳು. “ಎರಡನೇ ಕಡ್ಡೀಲಿ, ಕೊನೆ ಹತ್ರ, ನಿಮ್ಮ ಕೈ ಒಂದ್ಸಲ ತಡವರಿಸ್ತು.”

ಮೇಸ್ತ್ರಿಯ ಮುಖದಲ್ಲಿ ನಗು ಮೂಡಿತು. “ತಡವರಿಸ್ತು. ವಯಸ್ಸಾಯ್ತಲ್ಲ. ನಲವತ್ತು ವರ್ಷದಲ್ಲಿ ನನ್ನ ತಪ್ಪು ಹಿಡಿದೋಳು ನೀನೇ ಮೊದಲು.”

ಆಮೇಲೆ ಒರ್ನೆಲಾಳತ್ತ ತಿರುಗಿದರು. ನಗು ಹೋಗಿತ್ತು.

“ಟೀಚರ್, ಇವಳು ನನ್ನ ಕೈ ನೋಡ್ತಿದ್ಲು, ಅದಕ್ಕೇ ಕಣ್ಣು ಸುಟ್ಟಿದೆ. ನನ್ನ ಕೋಟಿದ್ದದ್ದು ಹಿಂದಿನ ಗೋಡೇಲಿ. ಅದಕ್ಕೆ ಕೈ ಹಾಕಿದೋರು ಬೆಂಕಿಗೆ ಬೆನ್ನು ಹಾಕಿರ್ಬೇಕು. ಅವರ ಕಣ್ಣಿಗೆ ಏನಾಗುತ್ತೆ ಹೇಳಿ?”

ಗೋಡೆಯತ್ತ ತಿರುಗಿ ನಿಂತಿದ್ದ ಮಗಳ ತಿಳಿಗಣ್ಣು ಒರ್ನೆಲಾಳ ಕಣ್ಣ ಮುಂದೆ ಬಂತು. ಯಾಗೋದಾಳ ತೋಳನ್ನು ತಾನಿನ್ನೂ ಬಿಗಿಯಾಗಿ ಹಿಡಿದಿದ್ದೇನೆಂದು ಆಗ ಅರಿವಾಯಿತು. ಬಿಟ್ಟಳು. ಆ ಹುಡುಗಿಯ ಮುಖ ನೋಡುವ ಧೈರ್ಯ ಬರಲಿಲ್ಲ.

“ಮೇಸ್ತ್ರಿ,” ಎಂದಳು ಕೊನೆಗೆ, “ನಿಮ್ಮ ವಾಚು ನನ್ನ ಮನೇಲಿದೆ.”