ಸುಸ್ಥಿತಿಯಲ್ಲಿರುವ ಕಂಪ್ಯೂಟರ್

“ಹದಿನೇಳು ಅಕ್ಷರ ಇಲ್ಲಲ್ರಿ ಇದರಾಗ!” ಎಂದರು ಗುರುಲಿಂಗಪ್ಪ ಸಾಹೇಬರು, ಕೀಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು. ಕಳವಿನ ಮಾಲು ಸಿಕ್ಕ ಫೌಜದಾರನ ಧಾಟಿ. ಗೋಕಾಕ, ಹುಕ್ಕೇರಿ ಕಡೆಯ ಸರಕಾರಿ ಶಾಲೆಗಳಿಗೆಲ್ಲ ಕಂಪ್ಯೂಟರ್ ಶಿಕ್ಷಣದ ಯೋಜನೆ ತಯಾರಿಸಲು ನೇಮಕಗೊಂಡ ಅಧಿಕಾರಿ ಅವರು. ಈ ವರ್ಷ ಯಾವುದಾದರೂ ಒಂದು ಶಾಲೆಗೆ ಹತ್ತು ಹೊಸ ಕಂಪ್ಯೂಟರ್ ಬರುವುದಿತ್ತು. ಯಾವ ಶಾಲೆಗೆ ಎಂಬುದು ಅವರ ಕೈಯಲ್ಲಿತ್ತು.

ಘೋಡಗೇರಿ ಹತ್ತಿರದ ಈ ತೋಟದ ಶಾಲೆಯ ತ್ರಿಶಲಾ ಟೀಚರಿಗೆ ಆ ಹತ್ತೂ ಬೇಕಿದ್ದವು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಬಂದ ಒಂದೇ ಒಂದು ಕಂಪ್ಯೂಟರಿನ ಮುಂದೆ ಎಂಬತ್ತು ಮಕ್ಕಳು ಮೂರು ವರ್ಷದಿಂದ ಪಾಳಿ ಹಚ್ಚುತ್ತಿದ್ದರು. ಕಬ್ಬಿಗೆ ನೀರು ಬಿಡಲು ಕರೆಂಟು ಬಂದಾಗಲೇ ಶಾಲೆಗೂ ಕರೆಂಟು. ನಸುಕಿನಲ್ಲಿ ಬಂದರೆ ನಸುಕಿಗೇ ಮಕ್ಕಳು ಹಾಜರು, ರವಿವಾರ ಬಂದರೆ ರವಿವಾರವೂ ಹಾಜರು. ಅಷ್ಟು ಬೆರಳು ಆಡಿದ ಮೇಲೆ ಅಕ್ಷರ ಉಳಿಯುವುದುಂಟೇ?

“ಬಳಸಿದ್ರ ಸವೀತಾವಲ್ರಿ, ಸಾಹೇಬ್ರ,” ಎಂದಳು.

“ಬಳಸ್ರಿ ಅಂತ ಯಾರ ಹೇಳಿದ್ರು? ಸುಸ್ಥಿತಿಯಲ್ಲಿ ಇಡತಕ್ಕದ್ದು ಅಂತ ಐತಿ ಆರ್ಡರಿನ್ಯಾಗ. ನಿನ್ನಿ ಮೂಡಲಗಿ ಕಡೆ ಒಂದ ಸಾಲಿಗೆ ಹೋಗಿದ್ನಿ. ಏನ ಹೇಳ್ಲಿ ನಿಮಗ! ಪ್ಲಾಸ್ಟಿಕ್ ಸುದ್ಧಾ ಬಿಚ್ಚಿಲ್ಲ. ಅಮಾಸಿಗೊಮ್ಮೆ ಊದಿನಕಡ್ಡಿ ಹಚ್ಚತಾರ, ಕಾಯಿ ಒಡೀತಾರ. ಹುಡುಗರನ್ನ ಹೊಸ್ತಲಾ ದಾಟಾಕ ಬಿಡೂದಿಲ್ಲ. ಜ್ವಾಪಾನ ಅಂದ್ರ ಅದು ನೋಡ್ರಿ!”

“ಅಲ್ಲಿ ಹುಡುಗ್ರು ಏನ ಕಲ್ತಾರ್ರಿ?”

“ಅದಕ್ಕ ಫಾರ್ಮಿನ್ಯಾಗ ಜಾಗಾ ಇಲ್ರಿ.”

ಖರೆಯೇ. ಫಾರ್ಮಿನಲ್ಲಿ ಕೋಣೆಗೆ ಬೀಗ ಇದೆಯೇ, ಕಿಟಕಿಗೆ ಸರಳು ಇವೆಯೇ, ಬಾಗಿಲ ಪರದೆಯ ಬಣ್ಣ ಯಾವುದು, ಎಲ್ಲವನ್ನೂ ಕೇಳಿದ್ದರು. ಮಕ್ಕಳನ್ನು ಮಾತ್ರ ಮರೆತಿದ್ದರು. ತ್ರಿಶಲಾಗೆ ಸಿಟ್ಟು ನೆತ್ತಿಗೇರಿತು. ಆದರೆ ಹತ್ತು ಕಂಪ್ಯೂಟರಿನ ಆಸೆ ಇನ್ನೂ ಸತ್ತಿರಲಿಲ್ಲ, ನಾಲಗೆ ಕಚ್ಚಿಕೊಂಡು ಚಹಾ ತರಿಸಿದಳು.

ಚಹಾ ಕುಡಿಯುವಾಗ ಸಾಹೇಬರ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿದ್ದು ಮುಖ ಸಪ್ಪಗಾಯಿತು. ಯೋಜನೆ ಸಂಜೆಯೊಳಗೆ ಮೇಲಿನ ಆಫೀಸಿಗೆ ಮುಟ್ಟಬೇಕು. ಕಂಪ್ಯೂಟರಿನ ಯೋಜನೆಯಾದ್ದರಿಂದ ಕೈಬರಹ ನಡೆಯುವುದಿಲ್ಲ, ಫ್ಲಾಪಿಯಲ್ಲೇ ಬರಬೇಕು ಎಂದು ತಾಕೀತಾಗಿತ್ತು. ಅವರ ಆಫೀಸಿನ ಕಂಪ್ಯೂಟರೋ ಕಪಾಟಿನೊಳಗೆ ಬಹಳ ಸುಸ್ಥಿತಿಯಲ್ಲಿತ್ತು. ಕಪಾಟಿನ ಕೀಲಿಕೈ ಗುಮಾಸ್ತನ ಜೊತೆ ಸಂಕೇಶ್ವರಕ್ಕೆ ಮದುವೆಗೆ ಹೋಗಿತ್ತು.

“ಅಕ್ಕೋರ, ಇಲ್ಲಿ ಯಾರಿಗರ ಕನ್ನಡ ಟೈಪ್ ಬರತೈತೇನ್ರಿ?” ದನಿ ಈಗ ತಗ್ಗಿತ್ತು.

ತ್ರಿಶಲಾ ಏಳನೇ ಇಯತ್ತೆಯ ಉದ್ದವ್ವನನ್ನು ಕರೆದಳು. ಹುಡುಗಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. ಸಾಹೇಬರು ಕಾಗದ ನೋಡಿ ಓದಿದ ಹಾಗೆ ಅವಳ ಬೆರಳು ಓಡಿತು, ಕಣ್ಣು ಒಮ್ಮೆಯೂ ಕೀಬೋರ್ಡಿಗೆ ಇಳಿಯಲಿಲ್ಲ. ಯೋಜನೆಯಲ್ಲಿ ಹತ್ತೂ ಕಂಪ್ಯೂಟರ್ ಮೂಡಲಗಿ ಕಡೆಯ ಆ ಶಾಲೆಯ ಹೆಸರಿಗೆ ಬಿದ್ದವು. ಅಲ್ಲಿಗೆ ಮುಗಿಯಿತು ಎಂದು ತ್ರಿಶಲಾ ಉಸಿರು ಬಿಟ್ಟಳು, ಆದರೆ ಸಾಹೇಬರು ಹಾಳೆ ಮಗುಚಿದರು.

“ಬರಿಯವಾ. ಘೋಡಗೇರಿ ತೋಟದ ಶಾಲೆಯ ಕಂಪ್ಯೂಟರ್ ಮಕ್ಕಳ ಕೈಗೆ ಸಿಕ್ಕು ಹಾಳಾಗಿದ್ದು, ಸದರಿ ಕಂಪ್ಯೂಟರನ್ನು ಇಂದೇ ಹಿಂಪಡೆಯಲಾಗಿದೆ.”

ಉದ್ದವ್ವನ ಬೆರಳು ನಿಂತವು. “ಇದನ್ನೂ ಬರೀಲೇನ್ರಿ, ಅಕ್ಕೋರ?”

ತ್ರಿಶಲಾ ಹುಡುಗಿಯ ಹೆಗಲ ಮೇಲೆ ಕೈ ಇಟ್ಟಳು. ಬೇಡ ಎಂದರೆ ಹೋಗುವ ಕಂಪ್ಯೂಟರ್ ನಿಲ್ಲುವುದಿಲ್ಲ, ಹುಡುಗಿಗೆ ಬೈಗುಳ ಒಂದು ಹೆಚ್ಚಾಗುತ್ತದೆ ಅಷ್ಟೆ.

“ಬರಿಯವಾ. ಒಂದಕ್ಷರನೂ ತಪ್ಪಬ್ಯಾಡ.”

ಹುಡುಗಿ ಬರೆದಳು, ಒಂದಕ್ಷರವೂ ತಪ್ಪಲಿಲ್ಲ. ಸಾಹೇಬರು ಪರದೆಗೆ ಮೂಗು ತಾಗಿಸಿ ಓದಿ ಹಿಗ್ಗಿದರು. “ಭಾರಿ ಶಾಣ್ಯಾಕಿ ಅದಿ! ನಮ್ಮ ಗುಮಾಸ್ತಗ ಇದರಾಗಿಂದ ಕಾಲುಭಾಗ ಬರೂದಿಲ್ಲ. ಎಲ್ಲಿ ಕಲ್ತಿ ಇದನ್ನ?”

“ಇದರಾಗರಿ.” ಹುಡುಗಿ ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

“ಹಾಂ, ಹಾಂ, ಇರ್ಲಿ,” ಎನ್ನುತ್ತ ಅವರು ಫ್ಲಾಪಿಯನ್ನು ಕಿಸೆಗೆ ಇಳಿಬಿಟ್ಟರು. ಜೀಪಿನಿಂದ ಹೊಸ ಪ್ಲಾಸ್ಟಿಕ್ ಚೀಲ ತಂದು, ಕೂಸಿಗೆ ಕುಲಾವಿ ಹಾಕುವಷ್ಟು ಅಕ್ಕರೆಯಿಂದ ಕಂಪ್ಯೂಟರಿಗೆ ತೊಡಿಸಿ, ಹುರಿ ಕಟ್ಟಿದರು. ಒಳಗಿನಿಂದ ಅದು ಇನ್ನೂ ಗುಂಯ್‌ಗುಡುತ್ತಿತ್ತು, ಪರದೆ ಬೆಳಗುತ್ತಲೇ ಇತ್ತು. ಸಾಹೇಬರು ಹಿಂದೆ ಹೋದರು, ಮುಂದೆ ಬಂದರು, ಒಂದು ವೈರು ಹಿಡಿದು ಹಾವು ಹಿಡಿದವರಂತೆ ಬಿಟ್ಟರು. ಕಡೆಗೆ ಹುಡುಗಿಯ ಕಡೆ ಬಗ್ಗಿ ಕೇಳಿದರು, “ಇದನ್ನ ಬಂದ್ ಮಾಡೂದು ಹೆಂಗವಾ?”

ಮುಂದೆ ಬಂದ ಉದ್ದವ್ವನ ಕೈಯನ್ನು ತ್ರಿಶಲಾ ಮೆಲ್ಲಗೆ ಹಿಡಿದು ನಿಲ್ಲಿಸಿದಳು.

“ನಮ್ಮಲ್ಲಿ ಅದು ಎರಡನೇ ದಿನದ ಪಾಠ ಐತ್ರಿ, ಸಾಹೇಬ್ರ. ಈಗ ಮೂರನೇ ಇಯತ್ತೆ ಹುಡುಗರ ಪಾಳಿ. ಅವರ ಬಾಜೂಕ ಕುಂದರ್ರಿ, ಹೇಳಿಕೊಡ್ತಾರ.”