ಹಗ್ಗ ಎಳೆಯುವ ಬೋಳ

ನಕಲುಗಾರನಿಗೆ ವರುಷ, ಕುಂಚಕ್ಕೆ ನಿಮಿಷ ಅಂತ ಗಾದೆ. ಇಲ್ಲವೆ? ಹಾಗಾದರೆ ಇಂದಿನಿಂದ ಇರಲಿ, ಏಕೆಂದರೆ ಇದು ನಮ್ಮ ಬ್ರೂಜ್ ಪಟ್ಟಣದಲ್ಲೇ ನಡೆದ ನಿಜ. ಪ್ರಾರ್ಥನಾ ಪುಸ್ತಕಗಳನ್ನು ಕೈಯಲ್ಲಿ ಬರೆಯುವ ಮುದುಕ ಲೀವನ್, ಆ ಬೆಳಿಗ್ಗೆ ತಾನೇ ಬರೆದ ತೊಗಲಿನ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬೆವರುತ್ತಿದ್ದ.

ಹಾಳೆಯ ಅಂಚಿನ ಚಿನ್ನದ ಬಳ್ಳಿಗಳ ನಡುವೆ ಒಬ್ಬ ಪುಟ್ಟ ಮನುಷ್ಯ ಹಗ್ಗ ಎಳೆಯುತ್ತಿದ್ದ. ಲೀವನ್‌ನದೇ ಬೋಳು ತಲೆ, ಅವನದೇ ಗಿಣಿಮೂಗು. ಬರೆಯುವವನು ಸಾಲು ಬಿಟ್ಟರೆ ಅದನ್ನು ಅಂಚಿನಲ್ಲಿ ಬರೆದು, ಹೀಗೊಬ್ಬ ಹಗ್ಗ ಕಟ್ಟಿ ಅದನ್ನು ಜಾಗಕ್ಕೆ ಎಳೆಯುವಂತೆ ಚಿತ್ರಿಸುವುದು ವಾಡಿಕೆ. ಆದರೆ ಈ ಹಗ್ಗದ ತುದಿಯಲ್ಲಿ ಸಾಲೇ ಇರಲಿಲ್ಲ.

“ಯಾವ ಸಾಲು ಬಿಟ್ಟಿದೀನೇ, ಮಾಯ್ಕೆನ್?”

“ಬರೆದೋರು ನೀವು. ನನ್ನ ಕೇಳಿದ್ರೆ?” ಅಂಚಿಗೆ ಬಣ್ಣ ತುಂಬುವ ಮಾಯ್ಕೆನ್ ಕುಂಚ ಕಚ್ಚಿಕೊಂಡು ನಗು ತಡೆದಳು.

ಲೀವನ್ ಎರಡು ಸಲ ಓದಿದ. ಎಲ್ಲ ಸರಿಯಿದ್ದಂತಿತ್ತು. ಸರಿಯಿದ್ದರೆ ಹಗ್ಗ ಯಾಕೆ? ಇನ್ನೊಂದು ಪ್ರಾರ್ಥನೆ ಸಾಲು ತಪ್ಪಿ ಕುಂಟುತ್ತ ಗಿರಾಕಿಯ ಕೈ ಸೇರಿದರೆ ನಿನ್ನ ಬರೆಯುವ ಮಣೆ ಬೀದಿಗೆ ಎಂದು ಯಜಮಾನ ಹೇಳಿಯಾಗಿತ್ತು. ಮಧ್ಯಾಹ್ನದ ಗಂಟೆ ಹೊಡೆದರೆ ಗಿರಾಕಿ ಬಾಗಿಲಲ್ಲಿ.

“ನನ್ನ ಕಣ್ಣನ್ನ ನಾನೇ ನಂಬಲ್ಲ. ನೀನು ಓದು, ನಾನು ಬಾಯಿಪಾಠ ಹೇಳ್ತೀನಿ.”

ಮಾಯ್ಕೆನ್ ಮೂಗು ಹಿಡಿದು ಅವನದೇ ದನಿಯಲ್ಲಿ ಓದತೊಡಗಿದಳು. ಇಬ್ಬರು ಲೀವನ್‌ಗಳು ಒಟ್ಟಿಗೆ ಪ್ರಾರ್ಥಿಸುತ್ತಿರುವಂತಿತ್ತು. ಎಂಟನೆಯ ಸಾಲಿನಲ್ಲಿ ಒಬ್ಬ ಲೀವನ್ ಎಡಕ್ಕೆ ಹೋದ, ಇನ್ನೊಬ್ಬ ಬಲಕ್ಕೆ.

“ಏಯ್, ಆಟ ಸಾಕು. ಇದ್ದಿದ್ದನ್ನ ಓದು.”

“ಇದ್ದಿದ್ದನ್ನೇ ಓದ್ತಿದೀನಿ ಗುರುಗಳೇ!” ಈಗ ಅವಳ ದನಿ ಅವಳದೇ ಆಗಿತ್ತು. ಬೆರಳಿಟ್ಟು ಮತ್ತೆ ನೋಡಿದಳು. “ಅಯ್ಯೋ... ನಿಜವಾಗ್ಲೂ ಒಂದು ಸಾಲಿಲ್ಲ!”

“ಅದಕ್ಕೇ ತಾನೆ ನೀನು ಹಗ್ಗ ಬರೆದಿದ್ದು?”

“ಇಲ್ಲ! ನಾನು ಸುಮ್ನೆ ನಿಮ್ಮನ್ನ ಕಾಡಿಸೋಕೆ... ತುದಿಗೆ ಆಮೇಲೆ ಒಂದು ಮೀನು ಕಟ್ಟೋಣ ಅಂತಿದ್ದೆ.”

ಲೀವನ್ ಅವಳನ್ನು ನೋಡಿದ. ಹಾಳೆ ನೋಡಿದ. ಮತ್ತೆ ಅವಳನ್ನು. ಆಮೇಲೆ ಹಗ್ಗದ ಖಾಲಿ ತುದಿಗೆ ಲೇಖನಿ ಊರಿ, ಬಿಟ್ಟುಹೋದ ಸಾಲನ್ನು ಬರೆದ: ‘ನನ್ನ ಕಣ್ಣಿಗೆ ಬೀಳದ್ದು ನಿನಗೆ ಕಂಡಿತು, ಸ್ವಾಮಿ.’

ಹೊರಗೆ ಗಂಟೆ ಹೊಡೆಯಿತು. ಮಾಯ್ಕೆನ್ ನಗಲೋ ಬೇಡವೋ ತಿಳಿಯದೆ ನಿಂತಿದ್ದಳು. ಲೀವನ್ ಮಾತ್ರ ಬೋಳು ತಲೆ ಹಿಂದಕ್ಕೆ ವಾಲಿಸಿ, ಕಿಟಕಿಯ ಪಾರಿವಾಳಗಳು ಹಾರಿಹೋಗುವಂತೆ ನಗುತ್ತ, ಅಂಚಿನ ಪುಟ್ಟ ಮನುಷ್ಯನಿಗೆ ಕೂಗುತ್ತಿದ್ದ:

“ಎಳಿಯೋ ಬೋಳ, ಎಳಿ!”